ಹದಿನೈದು ಜನರ ಲೋಕದಲ್ಲಿ ಹರೆಯ

ಶಿಲಾಯುಗದ ಪ್ರೇಮಕಥೆ ಅಂದಕೂಡಲೇ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ತೊಗಲು ಸುತ್ತಿಕೊಂಡ ಹುಡುಗ, ಕೂದಲು ಕೆದರಿದ ಹುಡುಗಿ, ಎದುರಿಗೆ ಹುಲಿಯೋ ಮ್ಯಾಮತ್ತೋ, ಹುಡುಗನ ಕೈಯಲ್ಲಿ ಈಟಿ. ಮೃಗ ಬೀಳುತ್ತದೆ, ಪ್ರೀತಿ ಗೆಲ್ಲುತ್ತದೆ. ಇಂಥ ಕಥೆಗಳನ್ನು ಚಿಕ್ಕಂದಿನಿಂದಲೂ ಆಸೆಪಟ್ಟು ಓದಿದವಳು ನಾನು. ಆದರೆ ಕೆಲವು ವರ್ಷಗಳ ಹಿಂದೆ ಒಂದು ಸಂಖ್ಯೆ ತಲೆಯೊಳಗೆ ಹೊಕ್ಕಿತು; ಆಮೇಲೆ ಆ ಚಿತ್ರ ಮೊದಲಿನ ಹಾಗೆ ನಿಲ್ಲುತ್ತಿಲ್ಲ. ಹತ್ತರಿಂದ ಇಪ್ಪತ್ತು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳಲ್ಲಿ ಸುಮಾರು 54,000 ವರ್ಷಗಳ ಹಿಂದೆ ಬದುಕಿದ್ದ ನಿಯಾಂಡರ್ಥಾಲರ, ಅಂದರೆ ನಮಗೆ ಹತ್ತಿರದ, ಈಗ ಅಳಿದುಹೋದ ಇನ್ನೊಂದು ಮನುಷ್ಯ ಕವಲಿನವರ, ಒಂದೊಂದು ಗುಂಪಿನಲ್ಲೂ ಇದ್ದಿರಬಹುದಾದ ಜನ ಅಷ್ಟೇ.

ಲೆಕ್ಕ ಹಾಕಿ ನೋಡಿ. ಹದಿನೈದು ಜನರ ಗುಂಪು ಅಂದುಕೊಳ್ಳೋಣ. ಅದರಲ್ಲಿ ಐದಾರು ಮಕ್ಕಳು, ಒಬ್ಬರೋ ಇಬ್ಬರೋ ವಯಸ್ಸಾದವರು. ಮಿಕ್ಕವರಲ್ಲಿ ಅರ್ಧದಷ್ಟು ಹೆಂಗಸರು. ಹದಿನೇಳು ತುಂಬಿದ ಹುಡುಗಿಯೊಬ್ಬಳ ಸುತ್ತ ಇರುವ ಗಂಡಸರು ಮೂರೋ ನಾಲ್ಕೋ ಮಂದಿ. ಅವರಲ್ಲಿ ಒಬ್ಬ ಅಪ್ಪ, ಒಬ್ಬ ಚಿಕ್ಕಪ್ಪ, ಒಬ್ಬ ಅಣ್ಣ. ಹುಲಿಯ ಮಾತು ಹಾಗಿರಲಿ, ಅವಳು ಮನಸ್ಸು ಕೊಡಬಹುದಾದ ಹುಡುಗನೇ ಆ ಗುಹೆಯಲ್ಲಿ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೂ, ಸಂಜೆ ಬೆಂಕಿಯ ಸುತ್ತ ಕೂತರೂ ಅವೇ ಮುಖಗಳು. ಅವಳ ಹರೆಯಕ್ಕೆ ಜೊತೆ ಸಿಗಬೇಕಾದರೆ ಬೆಟ್ಟದ ಆಚೆಯಿಂದ ಯಾರಾದರೂ ಬರಬೇಕು, ಇಲ್ಲವೇ ಅವಳೇ ಆಚೆಗೆ ಹೋಗಬೇಕು. ಇದು ಹೊಳೆದ ಮೇಲೆ ಆದಿಕಾಲದ ಪ್ರೀತಿಯ ಬಗ್ಗೆ ನನ್ನ ಯೋಚನೆಯೆಲ್ಲ ಆ ಹೋಗುವಿಕೆಯ ಸುತ್ತಲೇ ತಿರುಗುತ್ತಿದೆ.

ಅಪ್ಪ, ಮಗಳು, ಹೊರಗಿನಿಂದ ಬಂದ ಹೆಂಗಸರು

ಮೇಲಿನ ಸಂಖ್ಯೆ ಸಿಕ್ಕಿದ್ದು ಚಾಗಿರ್ಸ್ಕಾಯಾ ಅನ್ನುವ ಗುಹೆಯಿಂದ. ಚಾರಿಶ್ ನದಿಯ ಕಣಿವೆಯಲ್ಲಿರುವ ಆ ಗುಹೆಯ ಜನ ಕಾಡಮೇಕೆ, ಕುದುರೆ, ಕಾಡೆಮ್ಮೆಗಳನ್ನು ಬೇಟೆಯಾಡುತ್ತಿದ್ದರು. ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ ಚಾಗಿರ್ಸ್ಕಾಯಾದ 11 ಜನರ ಮತ್ತು ಹತ್ತಿರದ ಒಕ್ಲಾಡ್ನಿಕೋವ್ ಗುಹೆಯ ಇಬ್ಬರ ಎಲುಬು ಹಲ್ಲುಗಳಿಂದ ಡಿಎನ್‌ಎ ತೆಗೆದು, 2022ರ ಅಕ್ಟೋಬರ್‌ನಲ್ಲಿ ಫಲಿತಾಂಶ ಪ್ರಕಟಿಸಿತು. ಆ ತಂಡದಲ್ಲಿದ್ದ ಸ್ವಾಂಟೆ ಪಾಬೋ ಅವರಿಗೆ ನೊಬೆಲ್ ಘೋಷಣೆಯಾದದ್ದೂ ಅದೇ ತಿಂಗಳು. ಆ ಎಲುಬುಗಳ ನಡುವೆ ಒಬ್ಬ ಅಪ್ಪ ಮತ್ತು ಅವನ ಹರೆಯದ ಮಗಳು ಸಿಕ್ಕರು. ನಿಯಾಂಡರ್ಥಾಲರಲ್ಲಿ ತಂದೆ–ಮಗಳೆಂದು ನಿಶ್ಚಿತವಾಗಿ ಗುರುತಿಸಿದ್ದು ಅದೇ ಮೊದಲು. ಒಬ್ಬ ಹುಡುಗ ಮತ್ತು ಅವನಿಗೆ ಅತ್ತೆಯೋ ಅಜ್ಜಿಯೋ ಆಗಿರಬಹುದಾದ ಒಬ್ಬ ಹೆಂಗಸೂ ಅಲ್ಲಿದ್ದರು. ಒಂದು ಸಂಸಾರದ ಫೋಟೋ ಕೈಗೆ ಸಿಕ್ಕಂತಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಅಧ್ಯಯನದ ಇನ್ನೊಂದು ಸಂಗತಿ. ಅಪ್ಪನಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮು ಆ ಗಂಡಸರಲ್ಲಿ ಹೆಚ್ಚುಕಡಿಮೆ ಒಂದೇ ಥರ ಇತ್ತು. ತಾಯಿಯಿಂದ ಇಳಿಯುವ ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ ಮಾತ್ರ ಬಹಳ ವೈವಿಧ್ಯ. ಅಂದರೆ ಗಂಡಸರು ಹುಟ್ಟಿದ ಗುಂಪಿನಲ್ಲೇ ಉಳಿದಿದ್ದಾರೆ, ಹೆಂಗಸರು ಬೇರೆ ಬೇರೆ ಕಡೆಯಿಂದ ಬಂದಿದ್ದಾರೆ. ಸಂಶೋಧಕರ ಲೆಕ್ಕದ ಪ್ರಕಾರ ಶೇ. 60ಕ್ಕಿಂತ ಹೆಚ್ಚು ಹೆಂಗಸರು ಹೊರಗಿನಿಂದ ಬಂದವರಾದರೆ ಮಾತ್ರ ಈ ಅಂತರಕ್ಕೆ ಅರ್ಥ ಬರುತ್ತದೆ. ಸ್ಪೇನಿನ ಎಲ್ ಸಿದ್ರೋನ್ ಗುಹೆಯಲ್ಲೂ ಇದೇ ಕಥೆ. ಅಲ್ಲಿ ಸಿಕ್ಕ 12 ಜನರಲ್ಲಿ ಮೂವರು ದೊಡ್ಡ ಗಂಡಸರದು ಒಂದೇ ತಾಯಿಸಾಲು, ಮೂವರು ಹೆಂಗಸರದು ಮೂರು ಬೇರೆ ಬೇರೆ.

ಇದನ್ನು ಪ್ರೀತಿ ಅಂತ ಕರೆಯಲು ನನಗೆ ಧೈರ್ಯ ಸಾಲದು. ಎಲ್ ಸಿದ್ರೋನ್‌ನ ಆ ಹನ್ನೆರಡೂ ಜನರ ಎಲುಬುಗಳ ಕಥೆ ಭಯಂಕರವಾದದ್ದು. ಕಲ್ಲಿನ ಅಲಗಿನಿಂದ ಮಾಂಸ ಬಿಡಿಸಿದ ಗುರುತುಗಳಿವೆ, ಮಜ್ಜೆಗಾಗಿ ಎಲುಬು ಒಡೆದಿದ್ದಾರೆ. ಅವರನ್ನು ತಿಂದವರು ಮನುಷ್ಯರೇ. ಹಲ್ಲಿನ ದಂತಕವಚದ ಮೇಲೆ ಅಡ್ಡಗೆರೆಗಳಿವೆ, ಎಳೆತನದಲ್ಲಿ ಹಸಿವೋ ಕಾಯಿಲೆಯೋ ಬಂದು ಬೆಳವಣಿಗೆ ನಿಂತ ದಿನಗಳ ಗುರುತು ಅವು. ಇಂಥ ಲೋಕದಲ್ಲಿ ಒಬ್ಬ ಹುಡುಗಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋದಳು ಅಂದರೆ, ಒಲಿದು ಹೋಗಿರಬಹುದು, ಹಿರಿಯರು ಮಾತಾಡಿಕೊಂಡು ಕಳಿಸಿರಬಹುದು, ಯಾರೋ ಎಳೆದುಕೊಂಡೂ ಹೋಗಿರಬಹುದು. ಮೂರಕ್ಕೂ ಡಿಎನ್‌ಎಯಲ್ಲಿ ಉಳಿಯುವ ಗುರುತು ಒಂದೇ. ಆದರೂ ಒಂದು ಮಾತು ಖಚಿತ. ಆ ಗುಂಪು ಮುಂದಿನ ತಲೆಮಾರು ಕಂಡಿದ್ದರೆ ಅದು ಊರು ಬಿಟ್ಟು ಬಂದ ಆ ಹುಡುಗಿಯರಿಂದ. ನಮ್ಮ ಕಥೆಗಳಲ್ಲಿ ಈಟಿ ಹಿಡಿದವನಿಗೆ ಸಿಗುವ ಹೊಗಳಿಕೆಯಲ್ಲಿ ಒಂದು ಪಾಲು ಇವಳಿಗೂ ಸಲ್ಲಬೇಕು.

ಸೋದರಮಾವ

ಹೋಗದಿದ್ದರೆ ಏನಾಗುತ್ತಿತ್ತು? ಅದಕ್ಕೂ ಅಲ್ತಾಯ್‌ನಲ್ಲೇ ಸಾಕ್ಷಿಯಿದೆ. ಚಾಗಿರ್ಸ್ಕಾಯಾದಿಂದ ನೂರು ಕಿಲೋಮೀಟರಿನಷ್ಟು ದೂರದ ಡೆನಿಸೋವಾ ಗುಹೆಯಲ್ಲಿ, ಅವರಿಗಿಂತ ಬಹಳ ಹಿಂದೆ ಬದುಕಿದ್ದ ಒಬ್ಬ ನಿಯಾಂಡರ್ಥಾಲ್ ಹೆಂಗಸಿನ ಕಾಲ್ಬೆರಳಿನ ಎಲುಬು ಸಿಕ್ಕಿತ್ತು. ಅವಳ ಅಪ್ಪ ಅಮ್ಮ ಎಷ್ಟು ಹತ್ತಿರದ ನಂಟರೆಂದರೆ, ಮಲ ಅಣ್ಣ–ತಂಗಿಯರಾಗಿರಬೇಕು, ಇಲ್ಲವೇ ಸೋದರಮಾವ–ಸೋದರಸೊಸೆಯಂಥ ಸಂಬಂಧ ಇರಬೇಕು. ರಕ್ತಸಂಬಂಧದ ಲೆಕ್ಕದಲ್ಲಿ ಇವೆರಡೂ ಒಂದೇ ತೂಕ.

ಇದನ್ನು ಓದುವ ಹೊತ್ತಿಗೆ ನಮ್ಮಲ್ಲಿ ಅನೇಕರಿಗೆ ಮನೆಯ ನೆನಪಾಗದೆ ಇರದು. ನನ್ನ ಅಜ್ಜಿ ಮದುವೆಯಾದದ್ದು ಅವಳ ಸ್ವಂತ ಸೋದರಮಾವನನ್ನು. ಬಳ್ಳಾರಿ ಸೀಮೆಯಲ್ಲಿ ಆಗ ಅದು ವಿಶೇಷವೇ ಅಲ್ಲ. ಬೇಸಿಗೆ ರಜೆಯಲ್ಲಿ ಅಂಗಳದಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದಾಗ, ನಾನು ಆಗಷ್ಟೇ ಕಾಲೇಜು ಸೇರಿದ್ದೆ, ಏನೋ ಧೈರ್ಯ ಮಾಡಿ ಕೇಳಿದ್ದೆ: ಅಜ್ಜೀ, ತಾತನ್ನ ಮೊದಲು ಯಾವಾಗ ನೋಡಿದಿ? ಅಜ್ಜಿ ಬೀಸಣಿಗೆ ಬೀಸುತ್ತಲೇ ಹೇಳಿದಳು: “ನೋಡೋದೇನ ಬಂತು? ನನ್ನ ತೊಟ್ಟಿಲಾಗ ಹಾಕಿ ಹೆಸರಿಟ್ಟ ದಿನಾನ ಈಕಿ ಅವನಿಗೇ ಅಂದಿದ್ರಂತ. ನಾನು ಅಂಬೆಗಾಲಿಡುವಾಗ ಎತ್ತಿ ಆಡಿಸ್ಯಾನ ಆತ. ಗಂಡ ಅಂತ ಹೆಂಗ ನಾಚಿಕೊಳ್ಳಲಿ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಲ ಹೊರಗ ಹೋಗಬಾರದಲ್ಲ,” ಅಂದಳು. ತವರಿನ ಹೊಲವೂ ಗಂಡನ ಹೊಲವೂ ಒಂದೇ ಬದುವಿನ ಆಚೀಚೆ ಇದ್ದವು. ಅಜ್ಜಿ ಆ ಬದು ದಾಟಿ ಗಂಡನ ಮನೆಗೆ ಬಂದವಳು.

ಅಜ್ಜಿಯ ಸುತ್ತ ಸಾವಿರಾರು ಜನರ ಸೀಮೆ ಇತ್ತು. ಒಳಗೇ ಕೊಟ್ಟರು ಅಂದರೆ ಆಸ್ತಿಗಾಗಿ, ಪದ್ಧತಿಗಾಗಿ, ಮಗಳು ಕಣ್ಣೆದುರೇ ಇರಲಿ ಅನ್ನುವ ಆಸೆಗಾಗಿ. ಡೆನಿಸೋವಾದ ಆ ಹೆಂಗಸಿನ ತಂದೆತಾಯಿಗೆ ಬಹುಶಃ ಬೇರೆ ಯಾರೂ ಇರಲೇ ಇಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಅಂತ ನನಗೆ ಗೊತ್ತು. ಆದರೆ ತೊಟ್ಟಿಲಿನಿಂದ ಕಂಡ ಮುಖವನ್ನೇ ಹರೆಯದಲ್ಲೂ ಕಾಣಬೇಕಾದ ಹುಡುಗಿಯ ಮನಸ್ಸು ಹೇಗಿರುತ್ತದೆ ಅನ್ನುವುದು ನನಗೆ ತಿಳಿದದ್ದು ಅಜ್ಜಿಯ ಆ ಒಂದು ಮಾತಿನಿಂದಲೇ.

ಫ್ರಾನ್ಸಿನ ಮಾಂದ್ರಿನ್ ಗುಹೆಯಲ್ಲಿ ಸಿಕ್ಕ ತೋರಿನ್ ಎಂಬ ಹೆಸರಿನ ನಿಯಾಂಡರ್ಥಾಲನ ಕಥೆ ಇದಕ್ಕಿಂತಲೂ ದೊಡ್ಡದು. 2024ರಲ್ಲಿ ಅವನ ಡಿಎನ್‌ಎ ವಿವರ ಹೊರಬಂತು. ಅವನ ವಂಶ ಸುಮಾರು 50,000 ವರ್ಷ ಬೇರೆ ನಿಯಾಂಡರ್ಥಾಲರೊಂದಿಗೆ ಬೆರೆತಿರಲಿಲ್ಲ. ಕೆಲವೇ ದಿನ ನಡೆದರೆ ತಲುಪಬಹುದಾದ ದೂರದಲ್ಲಿ ಅವರದೇ ಜಾತಿಯ ಬೇರೆ ಜನ ಇದ್ದರು. ಐವತ್ತು ಸಾವಿರ ವರ್ಷ ಅಂದರೆ ಎರಡು ಸಾವಿರ ತಲೆಮಾರು. ಅಷ್ಟು ಹರೆಯಗಳು ಆ ಕಣಿವೆಯಲ್ಲೇ ಹುಟ್ಟಿ ಅಲ್ಲೇ ಮುಗಿದವು ಅನ್ನುವುದನ್ನು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ನಮ್ಮ ಪೂರ್ವಜರು. ರಷ್ಯಾದ ವ್ಲಾದಿಮಿರ್ ಪಟ್ಟಣದ ಹತ್ತಿರ ಸುಂಗಿರ್ ಅನ್ನುವಲ್ಲಿ ಸುಮಾರು 34,000 ವರ್ಷ ಹಿಂದಿನ ಸಮಾಧಿಗಳಿವೆ. ಮ್ಯಾಮತ್ ದಂತದ ಸಾವಿರಾರು ಮಣಿಗಳ ಉಡುಪಿನಲ್ಲಿ ಇಬ್ಬರು ಮಕ್ಕಳನ್ನು ತಲೆಗೆ ತಲೆ ತಾಗುವಂತೆ ಮಲಗಿಸಿ ಹೂತಿದ್ದಾರೆ. ಅದೂ ಚಿಕ್ಕ ಗುಂಪೇ. ಆದರೆ 2017ರಲ್ಲಿ ಅವರ ಡಿಎನ್‌ಎ ಓದಿದಾಗ ಅಲ್ಲಿ ಹೂತವರು ಹತ್ತಿರದ ರಕ್ತಸಂಬಂಧಿಗಳೇ ಅಲ್ಲ ಎಂದು ತಿಳಿಯಿತು. ದೂರದೂರದ ಗುಂಪುಗಳ ನಡುವೆ ಕೊಟ್ಟು ತರುವ ನಂಟು ಆಗಲೇ ಗಟ್ಟಿಯಾಗಿತ್ತು. ಆ ಮಣಿ, ಬಳೆ, ಪದಕಗಳೂ ‘ನಾವು ಇಂಥವರು’ ಅಂತ ಅಪರಿಚಿತರಿಗೆ ಸಾರುವುದಕ್ಕೇ ಇದ್ದಿರಬಹುದು ಅನ್ನುವುದು ಆ ಸಂಶೋಧಕರ ಊಹೆ. ಹರೆಯದಲ್ಲಿ ಸಿಂಗರಿಸಿಕೊಳ್ಳುವುದಕ್ಕೆ ಅಷ್ಟು ಹಳೆಯ ಕಾರಣವಿದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಊಹೆ.

ನಾವು ಕಾಣಬಯಸುವ ಜೋಡಿ

2007ರ ಫೆಬ್ರವರಿಯಲ್ಲಿ, ಪ್ರೇಮಿಗಳ ದಿನ ಹತ್ತಿರ ಬಂದಿದ್ದಾಗ, ಇಟಲಿಯ ಮಾಂಟುವಾ ಬಳಿಯ ವಾಲ್ದಾರೋದಲ್ಲಿ ಆರು ಸಾವಿರ ವರ್ಷದ ಹಿಂದಿನ ಎರಡು ಅಸ್ಥಿಪಂಜರಗಳು ಸಿಕ್ಕವು. ಮುಖಕ್ಕೆ ಮುಖ, ಕೈಕಾಲು ಹೆಣೆದುಕೊಂಡು ಮಲಗಿದ್ದ ಇಪ್ಪತ್ತರ ಆಸುಪಾಸಿನ ಗಂಡು ಹೆಣ್ಣು. ಜಗತ್ತೆಲ್ಲ ಅವರನ್ನು ಪ್ರೇಮಿಗಳು ಅಂತ ಕರೆಯಿತು. ಅವರನ್ನು ಬೇರ್ಪಡಿಸದೆ ಮಣ್ಣಿನ ಗಡ್ಡೆಯ ಸಮೇತ ಎತ್ತಿ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಎರಡು ವರ್ಷದ ಮೇಲೆ ಅದೇ ದೇಶದ ಮೋಡೆನಾದಲ್ಲಿ ಕೈ ಕೈ ಹಿಡಿದ ಇನ್ನೊಂದು ಜೋಡಿ ಸಿಕ್ಕಿತು, ಅದು ಇಷ್ಟು ಹಳೆಯದಲ್ಲ. ಅವರಿಗೂ ಪ್ರೇಮಿಗಳೆಂಬ ಹೆಸರು ಬಂತು. 2019ರಲ್ಲಿ ಹಲ್ಲಿನ ಪ್ರೋಟೀನು ಪರೀಕ್ಷಿಸಿದರೆ ಇಬ್ಬರೂ ಗಂಡಸರು. ಅಣ್ಣತಮ್ಮಂದಿರೋ, ಯುದ್ಧದ ಸಂಗಾತಿಗಳೋ, ಪ್ರೇಮಿಗಳೋ ಯಾರೂ ಹೇಳಲಾರರು. ಜೋಡಿ ಕಂಡಕೂಡಲೇ ನಾವು ಕಥೆ ಕಟ್ಟುತ್ತೇವೆ, ಅದು ತಪ್ಪೂ ಅಲ್ಲ. ಆದರೆ ಸಮಾಧಿಯ ಜೋಡಿ ತೋರಿಸುವುದು ಹೂತವರ ಮನಸ್ಸನ್ನು. ಬದುಕಿದ್ದವರ ಮನಸ್ಸಿಗೆ ಬೇರೆ ಕಡೆ ನೋಡಬೇಕು.

ನನಗೆ ಅದು ಕಾಣುವುದು ಡೆನಿಸೋವಾ ಗುಹೆಯ ಎರಡೂವರೆ ಸೆಂಟಿಮೀಟರಿನ ಒಂದು ಎಲುಬಿನ ಚೂರಿನಲ್ಲಿ. ಯಾವ ಪ್ರಾಣಿಯದೆಂದೇ ತಿಳಿಯದ ಎರಡು ಸಾವಿರಕ್ಕೂ ಹೆಚ್ಚು ಚೂರುಗಳ ರಾಶಿಯಿಂದ ಸಮಂತಾ ಬ್ರೌನ್ ಎಂಬ ವಿದ್ಯಾರ್ಥಿನಿ ಅದನ್ನು ಹೆಕ್ಕಿ ತೆಗೆದರು. 2018ರಲ್ಲಿ ಅದರ ಡಿಎನ್‌ಎ ಹೇಳಿದ್ದು ಇಷ್ಟು: ಇದು ಸುಮಾರು 90,000 ವರ್ಷ ಹಿಂದಿನ ಒಬ್ಬ ಹುಡುಗಿಯದು, ವಯಸ್ಸು ಕನಿಷ್ಠ 13, ಅಮ್ಮ ನಿಯಾಂಡರ್ಥಾಲ್, ಅಪ್ಪ ಡೆನಿಸೋವನ್, ಅಂದರೆ ಇದೇ ಗುಹೆಯ ಹೆಸರಿನಿಂದ ಕರೆಯುವ, ಅಳಿದುಹೋದ ಮತ್ತೊಂದು ಮನುಷ್ಯ ಕವಲಿನವನು. ಅವೆರಡು ಕವಲುಗಳು ಬೇರೆಯಾಗಿ ಆಗಲೇ ಮೂರು ಲಕ್ಷ ವರ್ಷ ದಾಟಿತ್ತು. ಮಾತು, ಊಟ, ನಡೆ ಎಲ್ಲ ಬೇರೆ ಇದ್ದಿರಬೇಕು. ಅವಳ ಅಪ್ಪನ ವಂಶದಲ್ಲೂ ಹಿಂದೆಲ್ಲೋ ಒಬ್ಬ ನಿಯಾಂಡರ್ಥಾಲ್ ಇದ್ದರು, ಅಂದರೆ ಇದು ಒಂದೇ ಸಲದ ಕತೆಯಲ್ಲ. ಆ ಅಪ್ಪ ಅಮ್ಮ ಹೇಗೆ ಸೇರಿದರು ಅನ್ನುವುದಕ್ಕಿಂತ ಆ ಹದಿಮೂರು ವರ್ಷಗಳು ನನಗೆ ದೊಡ್ಡವು. ಆ ಚಳಿಯಲ್ಲಿ, ಆ ಹಸಿವಿನಲ್ಲಿ, ಎರಡು ಕಡೆಯವರ ಹಾಗೂ ಇರದ ಒಂದು ಮಗುವನ್ನು ಯಾರೋ ಹದಿಮೂರು ವರ್ಷ ಉಣಿಸಿದ್ದಾರೆ, ಹೊದಿಸಿದ್ದಾರೆ, ಎತ್ತಿಕೊಂಡು ಅಲೆದಿದ್ದಾರೆ. ಅದನ್ನು ಪ್ರೀತಿ ಅನ್ನಲು ನನಗೆ ಅಂಜಿಕೆಯಿಲ್ಲ.

ಹಿರೇಗುಡ್ಡದ ಹುಡುಗರು

ನಮ್ಮ ಕಡೆ ಇಷ್ಟು ಹಳೆಯ ಎಲುಬು ಉಳಿದಿಲ್ಲ. ಉಳಿದಿರುವುದು ಬಂಡೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳು ನವಶಿಲಾಯುಗದವು. ಈ ಕಾಲ ತೀರ ಈಚಿನದು, ನಾಲ್ಕೈದು ಸಾವಿರ ವರ್ಷ ಹಿಂದಿನದು. ಜನ ಆಗಲೇ ದನ ಸಾಕುತ್ತಿದ್ದರು, ಕೊರಲೆ, ಹೆಸರು, ಹುರುಳಿ ಬೆಳೆಯುತ್ತಿದ್ದರು, ಹಿರೇಗುಡ್ಡದ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಅದೇ ಕರಿಕಲ್ಲಿನ ಸಾಲಿನ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ನೂರಾರು ಚಿತ್ರಗಳಿವೆ.

ದೊಡ್ಡಪ್ಪನ ಮಗನ ಜೊತೆ ಒಂದು ಮಾಗಿ ಬೆಳಿಗ್ಗೆ ಹತ್ತಿದ್ದೆ. ದಾರಿ ಅಂತ ಇಲ್ಲ, ಗುಂಡುಗಳ ಮೇಲೆ ಕೈಯೂರಿ ಏರಬೇಕು. ಮೇಲೆ ಹೋದಂತೆ ಕೆಂಪು ಕಣಶಿಲೆ ಮುಗಿದು ಕರಿ ಬಂಡೆಗಳ ರಾಶಿ. ಮೊದಲು ಏನೂ ಕಾಣಲಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಒಂದು ಹೋರಿ ಎದ್ದುಬಂತು, ಉದ್ದ ಕೊಂಬು, ಎತ್ತಿದ ಡುಬ್ಬ. ಆಮೇಲೆ ಎಲ್ಲಿ ನೋಡಿದರೂ ಹೋರಿಗಳು. ಅವುಗಳ ನಡುವೆ ಗಂಡಸರು, ಗಂಡಸುತನವನ್ನು ಮರೆಯಿಲ್ಲದೆ ತೋರಿಸಿಕೊಂಡವರು, ಮತ್ತು ಕೂಡಿರುವ ಗಂಡು ಹೆಣ್ಣು. ಅಣ್ಣ ಮುಖ ಆ ಕಡೆ ತಿರುಗಿಸಿದ. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಕುಟ್ಟಿದ ಜಾಗ ಸುತ್ತಲಿನ ಕಲ್ಲಿಗಿಂತ ಒಂಚೂರು ತರಿತರಿ, ಬಣ್ಣ ಮಾತ್ರ ಬಹುತೇಕ ಒಂದಾಗಿಬಿಟ್ಟಿದೆ. ಕೆಲವು ಚಿತ್ರಗಳು ಚಾಚಿಕೊಂಡ ಬಂಡೆಯ ಮಗ್ಗುಲಲ್ಲಿ, ಕಾಲೂರಲು ಜಾಗವೇ ಇಲ್ಲದ ಕಡೆ ಇವೆ. ಅಲ್ಲಿ ಕುಟ್ಟಿದವರು ಮೇಲಿನಿಂದ ನೇತಾಡಿಕೊಂಡೇ ಕುಟ್ಟಿರಬೇಕು. ವಯಸ್ಸಾದವರ ಕೆಲಸವಲ್ಲ ಅದು. ಇಲ್ಲಿ ಅಧ್ಯಯನ ಮಾಡಿದ ನಿಕೋಲ್ ಬೊವಿನ್ ಕೂಡ ಇವು ಗಂಡಸರ ಕೈಕೆಲಸ ಎಂದೇ ಬಗೆದಿದ್ದಾರೆ. ನನಗಂತೂ ಅಲ್ಲಿ ಕಂಡದ್ದು ದನ ಮೇಯಲು ಬಿಟ್ಟು ಹೊತ್ತು ಕಳೆಯುವ ಹುಡುಗರು, ಯಾರು ಎಷ್ಟು ಎತ್ತರದಲ್ಲಿ ಕುಟ್ಟಬಲ್ಲರೆಂದು ಪಂಥ ಕಟ್ಟಿದವರು.

ಅಲ್ಲೇ ಕೆಲವು ಬಂಡೆಗಳಲ್ಲಿ ಬಟ್ಟಲಿನಂತೆ ಸವೆದ ಕುಳಿಗಳಿವೆ. ಅಲ್ಲಿ ಕಲ್ಲಿನಿಂದ ಬಡಿದರೆ ಬಂಡೆ ನಾದ ಕೊಡುತ್ತದೆ, ಬಯಲಿಗೆಲ್ಲ ಕೇಳುವಷ್ಟು. ಇನ್ನು ಬಳ್ಳಾರಿ ಸುತ್ತ ಕುಡತಿನಿ ಮೊದಲಾದ ಕಡೆ ಇರುವ ಬೂದಿದಿಬ್ಬಗಳು; ತಲೆಮಾರುಗಟ್ಟಲೆ ಸಗಣಿ ಒಟ್ಟಿ ಸುಟ್ಟ ರಾಶಿಗಳು ಅವು. ಬೇರೆ ಬೇರೆ ಕಡೆಯ ದನಗಾಹಿಗಳು ಕೂಡಿ ಸೇರುತ್ತಿದ್ದ ತಾಣಗಳಿವು ಅಂತ ಕೆಲವು ಪುರಾತತ್ವಜ್ಞರು ಭಾವಿಸುತ್ತಾರೆ. ಬೆಂಕಿ, ದನ, ನಾದ, ದೂರದಿಂದ ಬಂದ ಜನ: ನಮ್ಮ ಜಾತ್ರೆಯ ಹಾಗೆ. ಹುಡುಗ ಹುಡುಗಿ ಕಣ್ಣು ಕೂಡುವುದಕ್ಕೆ ಜಾತ್ರೆಗಿಂತ ಒಳ್ಳೆಯ ಜಾಗ ಎಲ್ಲಿದೆ? ಆ ಜನರ ಮನೆಗಳ ನೆಲದಡಿಯಲ್ಲಿ, ಬ್ರಹ್ಮಗಿರಿ ತೆಕ್ಕಲಕೋಟೆಗಳಲ್ಲಿ, ಮಡಕೆಯೊಳಗಿಟ್ಟು ಹೂತ ಹಸುಗೂಸುಗಳೂ ಸಿಕ್ಕಿವೆ. ಜಾತ್ರೆಯ ಆಮೇಲಿನ ಬದುಕು ಅದು. ಅಲ್ಲಿ ಸತ್ತ ಕೂಸನ್ನು ಊರಾಚೆ ಬಿಡದೆ ಮನೆಯೊಳಗೇ ಇಟ್ಟುಕೊಂಡಿದ್ದಾರೆ. ಹಿರೇಗುಡ್ಡದಲ್ಲಿ ಕಲ್ಲುಗಣಿಯವರ ಸದ್ದು ಈ ಚಿತ್ರಗಳ ತೀರ ಹತ್ತಿರಕ್ಕೆ ಬಂದಿತ್ತು. ಕೆಲವು ಚಿತ್ರಗಳು ಹೋಗಿಯೂ ಹೋದವು. ಇದು ನಮ್ಮ ಸೀಮೆಯ ಹರೆಯದ ಏಕೈಕ ಕೈಬರಹ, ಅದನ್ನು ಜಲ್ಲಿ ಮಾಡಲು ಬಿಡಬಾರದು.

ಹೋದವಳು ಬಂದಳೇ

ಚಾಗಿರ್ಸ್ಕಾಯಾದ ಕಥೆಯನ್ನು ಈಚೆಗೆ ಅಜ್ಜಿಗೆ ಹೇಳಿದೆ. ಈಗ ಕಣ್ಣು ಮಂಜು, ಕಿವಿ ಚುರುಕು. ಗುಹೆ, ಚಳಿ, ಬೇರೆ ಗುಂಪಿಗೆ ಹೋಗುವ ಹೆಣ್ಣುಮಕ್ಕಳು, ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: “ಮತ್ತ ಆಕಿ ತವರಿಗೆ ಬಂದ್ಲೇನು?”

ಚಾಗಿರ್ಸ್ಕಾಯಾದಲ್ಲಿ ಅದಕ್ಕೆ ನೇರ ಉತ್ತರವಿಲ್ಲ. ಆ ಜನ ಕಲ್ಲು ತರಲು ಹತ್ತಾರು ಕಿಲೋಮೀಟರು ಹೋಗುತ್ತಿದ್ದರು, ಅವರೂ ಒಕ್ಲಾಡ್ನಿಕೋವ್ ಗುಹೆಯವರೂ ಬಳಸಿದ್ದು ಒಂದೇ ಥರದ ಕಲ್ಲು. ದಾರಿಗಳು ಕೂಡುತ್ತಿದ್ದವು ಅನ್ನುವಷ್ಟು ಮಾತ್ರ ಹೇಳಬಹುದು. ಆದರೆ ಹೋಗಿ ಬಂದ ಹೆಣ್ಣಿನ ಗುರುತು ಇನ್ನೊಂದು ಕಡೆ ಇದೆ, ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ. 10,000 ವರ್ಷಕ್ಕೂ ಹಿಂದೆ ಬತ್ತಿದ ಕೆರೆಯಂಗಳದ ಜಾರುವ ಕೆಸರಿನಲ್ಲಿ ಒಬ್ಬಳು ನಡೆದು ಹೋಗಿದ್ದಾಳೆ. ಪಾದದ ಅಳತೆ ನೋಡಿದರೆ ಹರೆಯದವಳು, ಇಲ್ಲವೇ ಚಿಕ್ಕ ಮೈಯ ಹೆಂಗಸು. ಹೆಜ್ಜೆಯ ಸಾಲು ಒಂದೂವರೆ ಕಿಲೋಮೀಟರು ಉದ್ದ, ನೆಟ್ಟಗೆ, ಬಿರುಸಾಗಿ. ನಡುನಡುವೆ ಮೂರು ವರ್ಷದೊಳಗಿನ ಮಗುವಿನ ಪುಟ್ಟ ಪಾದಗಳು ಮೂಡುತ್ತವೆ, ಮತ್ತೆ ಮಾಯವಾಗುತ್ತವೆ. ಕಂಕುಳಿನಿಂದ ಇಳಿಸಿದ್ದಾಳೆ, ದಣಿವಾರಿಸಿಕೊಂಡು ಮತ್ತೆ ಎತ್ತಿಕೊಂಡಿದ್ದಾಳೆ. ಭಾರ ಹೊತ್ತಾಗ ಅವಳ ಪಾದ ಹೊರಕ್ಕೆ ತಿರುಗಿ ಜಾರಿದ್ದು ಕೆಸರಿನಲ್ಲಿ ಅಚ್ಚಾಗಿದೆ. ಅವಳು ಹೋದ ಮೇಲೆ ಒಂದು ಮ್ಯಾಮತ್ ಆ ಹೆಜ್ಜೆಗಳನ್ನು ತುಳಿದು ದಾಟಿದೆ, ಲಕ್ಷ್ಯವನ್ನೇ ಕೊಡದೆ. ನೆಲವಾಸಿ ಸ್ಲಾತ್ ಅನ್ನುವ, ಈಗ ಅಳಿದುಹೋದ ಭಾರಿ ಮೃಗವೊಂದು ಅಲ್ಲಿಗೆ ಬಂದು, ಹಿಂಗಾಲ ಮೇಲೆ ಎದ್ದು ನಿಂತು, ಮೂಸಿ ನೋಡಿದ ಹಾಗೆ ಸುತ್ತಿ, ಬೇರೆ ದಾರಿ ಹಿಡಿದಿದೆ. ಮನುಷ್ಯರ ವಾಸನೆಗೆ ಅದು ಹೆದರಿರಬೇಕು. ಆಮೇಲೆ ಅವಳು ಅದೇ ದಾರಿಯಲ್ಲಿ ವಾಪಸು ಬಂದಿದ್ದಾಳೆ. ಬರುವಾಗ ಮಗುವಿನ ಹೆಜ್ಜೆ ಎಲ್ಲೂ ಇಲ್ಲ. ಅವಳ ಪಾದದಲ್ಲೂ ಆ ಭಾರ ಇಲ್ಲ.

ಇದನ್ನು ಓದಿದಾಗ ನನ್ನ ಎದೆ ಝಲ್ಲೆಂದಿತ್ತು. ಮಗು ದಾರಿಯಲ್ಲಿ ಸತ್ತಿತೇ, ಕಾಯಿಲೆಯಿತ್ತೇ, ಎಲ್ಲೋ ಬಿಟ್ಟಳೇ ಅಂತ ಮನಸ್ಸು ಕೆಟ್ಟದ್ದರ ಕಡೆಗೇ ಓಡಿತ್ತು. ಅಜ್ಜಿಗೂ ಅದನ್ನೇ ಹೇಳಿದೆ, ಮಗು ಏನಾಯಿತೋ ಯಾರಿಗೂ ಗೊತ್ತಿಲ್ಲ ಅಂದೆ. ಅಜ್ಜಿ ಒಪ್ಪಲಿಲ್ಲ.

“ಏನಾಗತೈತಿ ಅದಕ್ಕ? ಆಕಿ ದಾರಿ ತಪ್ಪದಂಗ ನೆಟ್ಟಗ ಹೋಗ್ಯಾಳ ಅಂದ್ರ ಎಲ್ಲಿಗೆ ಹೋಗಬೇಕು ಅಂತ ಗೊತ್ತಿತ್ತು. ಎಳೆ ಕೂಸು ಬಿಟ್ಟು ಬಂದಾಳ ಅಂದ್ರ ಅಲ್ಲಿ ಆಕಿ ಅವ್ವನ ಇರಬೇಕು. ಮತ್ಯಾರ ಹತ್ರ ಬಿಡ್ತಾಳ?”